ಕುತ್ತಿಗೆಯಲ್ಲೊಂದು, ತಲೆಯಲ್ಲೊಂದು

ಪುಣೆಯ ಸದಾಶಿವ ಪೇಠದ ಒಂದು ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ನಾನು ವಿಜಯಪುರದವಳೆಂದು ಗೊತ್ತಿರುವುದರಿಂದ ಕನ್ನಡದವರು ಯಾರೇ ಬಂದರೂ ಕೌಂಟರಿನವರು ನನ್ನ ಕಡೆಗೇ ತಳ್ಳುತ್ತಾರೆ. ಅದರಲ್ಲೂ ಥೈರಾಯ್ಡು, ಪಿಟ್ಯುಟರಿ ಎಂದು ಚೀಟಿ ಹಿಡಿದು ಬಂದವರು! ಅವರಿಂದ ನನ್ನ ತಲೆ ಕೆಡದ ವಾರವಿದ್ದರೆ, ಆ ವಾರ ನಾನು ರಜೆ ಹಾಕಿದ್ದೆ ಎಂದೇ ಅರ್ಥ.

೧. ಕೆಟ್ಟ ಮಷೀನು

ಬಟ್ಟೆ ಅಂಗಡಿಯ ಮಾಲೀಕರೊಬ್ಬರಿಗೆ ಥೈರಾಯ್ಡ್ ಕಡಿಮೆ. ಡಾಕ್ಟರು ಮೂರು ಸಲ ಗುಳಿಗೆ ಹೆಚ್ಚಿಸಿದರೂ ವರದಿ ಸುಧಾರಿಸಲಿಲ್ಲ. ನಾಲ್ಕನೇ ಸಲ ಬಂದವರೇ ಎಲ್ಲರ ಮುಂದೆ ಕೂಗಾಡಿದರು.

"ನಿಮ್ಮ ಮಷೀನ ಕೆಟ್ಟದ ನೋಡ್ರಿ!"

"ಗುಳಿಗಿ ಹೆಂಗ ತಗೋತೀರಿ?"

"ಖಾಲಿ ಹೊಟ್ಟೀಲೆ. ಚಹಾದ ಕೂಡ."

"ಬರೇ ಚಹಾನ?"

"ಬರೇ ಚಹಾ ಹೆಂಗ ಕುಡೀಲಿಕ್ಕೆ ಬರ್ತದ್ರಿ? ಎರಡು ಖಾರಿ ಬಿಸ್ಕೀಟು ಇರ್ತಾವ."

ನನಗೆ ಸಿಟ್ಟು ನೆತ್ತಿಗೇರಿತು. ಇದೇ ಮಾತನ್ನು ಡಾಕ್ಟರು ಹೇಳಿದ್ದರು, ಚೀಟಿಯಲ್ಲಿ ಬರೆದಿದ್ದರು, ನಾನೂ ಎರಡು ಸಲ ಹೇಳಿದ್ದೆ. "ನೀರಿನ ಕೂಡ ನುಂಗ್ರಿ. ಆಮ್ಯಾಲ ಒಂದು ತಾಸು ಚಹಾನೂ ಇಲ್ಲ, ಖಾರಿನೂ ಇಲ್ಲ!" ಎಂದು ಅವರಿಗಿಂತ ಜೋರಾಗಿ ಕೂಗಿದೆ.

ಎರಡು ತಿಂಗಳ ನಂತರ ವರದಿ ಸರಿಯಾಗಿ ಬಂತು. ಕಾಗದ ಮಡಚಿ ಕಿಸೆಗೆ ಇಟ್ಟುಕೊಳ್ಳುತ್ತ ಅವರೆಂದರು: "ನಾ ಬೈದದ್ದಕ್ಕ ಮಷೀನ ರಿಪೇರಿ ಆತು ನೋಡ್ರಿ."

೨. ಹನ್ನೊಂದನೇ ನಂಬರು

ಪಿಂಪ್ರಿ-ಚಿಂಚವಾಡದ ಕಾರ್ಖಾನೆಯ ಕೆಲಸಗಾರನೊಬ್ಬ ಬಂದಿದ್ದ. ಅವನಿಗೆ ಪ್ರತಿ ವರ್ಷ ಕಾರ್ಖಾನೆಯಿಂದ ಬೂಟು. ಎಂಟನೇ ನಂಬರಿನವನು ಒಂಬತ್ತು ಕೇಳಿದ, ಆಮೇಲೆ ಹತ್ತು, ಆಮೇಲೆ ಹನ್ನೊಂದು. "ಮನ್ಯಾಗ ಯಾರಿಗೋ ಒಯ್ದು ಕೊಡಾಕತ್ತಾನ" ಎಂದು ಸ್ಟೋರಿನ ಗುಮಾಸ್ತನಿಗೆ ಅನುಮಾನ. ಕಳ್ಳತನ ಹಿಡಿಯಲೆಂದು ಅವನನ್ನು ಕಾರ್ಖಾನೆಯ ಡಾಕ್ಟರ ಮುಂದೆ ನಿಲ್ಲಿಸಿ, "ಕಾಲು ಅಳೀರಿ" ಎಂದ.

ಡಾಕ್ಟರು ಕಾಲು ನೋಡಿದರು. ದಪ್ಪಗಾದ ಬೆರಳು, ಮುಂದೆ ಬಂದ ದವಡೆ ನೋಡಿದರು. ರಕ್ತ ತಪಾಸಣೆಗೆ ಚೀಟಿ ಬರೆದರು.

ನಮ್ಮಲ್ಲಿ ಅವನಿಗೆ ಗ್ಲೂಕೋಸ್ ನೀರು ಕುಡಿಸಿ ಅರ್ಧ ತಾಸಿಗೊಮ್ಮೆ ರಕ್ತ ತೆಗೆದೆ. ಸಕ್ಕರೆ ಒಳಗೆ ಹೋದರೆ ಬೆಳವಣಿಗೆಯ ಹಾರ್ಮೋನು ಇಳಿಯಬೇಕು. ಇಳಿಯಲಿಲ್ಲ. ಸ್ಕ್ಯಾನ್ ಮಾಡಿಸಿದರೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟು. ಮೂರು ವರ್ಷದಿಂದ ತಲೆನೋವೆಂದು ಮೂರು ದವಾಖಾನೆ ಅಲೆದಿದ್ದ. ಒಬ್ಬರು ಚಷ್ಮಾ ಕೊಟ್ಟರು, ಇಬ್ಬರು ಟೆನ್ಶನ್ ಅಂದರು. ದಪ್ಪಗಾಗಿ ಉಂಗುರ ಕತ್ತರಿಸಿ ತೆಗೆಸಬೇಕಾಗಿ ಬಂದ ಬೆರಳನ್ನು ಒಬ್ಬರೂ ನೋಡಲಿಲ್ಲ. ಈಗಲೂ ನೆನೆದರೆ ನನಗೆ ಮೈಯುರಿಯುತ್ತದೆ. ರೋಗವನ್ನು ಹಿಡಿದುಕೊಟ್ಟವನು ಕೊನೆಗೆ ಆ ಬೂಟಿನ ಗುಮಾಸ್ತ!

ಮೂಗಿನ ದಾರಿಯಿಂದ ಆಪರೇಷನ್ ಆಯಿತು, ತಲೆನೋವು ಹೋಯಿತು. ಮುಂದಿನ ತಪಾಸಣೆಗೆ ಗುಮಾಸ್ತನೇ ಅವನನ್ನು ಸ್ಕೂಟರಿನ ಮೇಲೆ ಕರೆತಂದ. ಪಶ್ಚಾತ್ತಾಪದಿಂದ ಅವನ ಮುಖ ಸಣ್ಣದಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಮೇಡಮ್ಮರ, ಇನ್ನ ಇವ ಎಂಟನೇ ನಂಬರಿಗೆ ವಾಪಸ್ ಬರ್ತಾನೇನ್ರಿ? ಎಂಟರದು ಭಾಳ ಸ್ಟಾಕ್ ಉಳದದ."

೩. ಹೊರಗಿನ ಬಾಕು

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದ ಹುಡುಗಿ ಅತ್ತೆಯ ಜೊತೆ ಬಂದಳು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸ್ವಲ್ಪ ಹೆಚ್ಚಿತ್ತು. ಇದೂ ಪಿಟ್ಯುಟರಿಯದೇ. ಮನಸ್ಸು ಗಾಬರಿಯಾದರೂ ಏರುತ್ತದೆ. ಅದಕ್ಕೇ ಡಾಕ್ಟರು, ಶಾಂತವಾಗಿ ಕೂರಿಸಿ ಇನ್ನೊಮ್ಮೆ ರಕ್ತ ತೆಗೆಯಿರಿ ಎಂದು ಬರೆದಿದ್ದರು.

ಶಾಂತಿ ಎಲ್ಲಿಂದ ತರಲಿ? ಅತ್ತೆಯ ಬಾಯಿ ನಿಲ್ಲುತ್ತಿರಲಿಲ್ಲ. "ಇಕೀದು ಎಲ್ಲಾ ಕೆಟ್ಟದ್ರಿ. ನನ್ನ ಮಗಂದು ಏನೂ ತಪ್ಪಿಲ್ಲ."

"ಮಗಂದು ತಪಾಸಣೆ ಆಗೇದೇನ್ರಿ?"

"ಅವಂಗ್ಯಾಕ್ರಿ? ಅವ ಗಂಡಸು!"

ಹುಡುಗಿ ನೆಲ ನೋಡುತ್ತ ಕೂತಿದ್ದಳು. ಸಿಟ್ಟಿನಲ್ಲಿ ಸೂಜಿ ಹಿಡಿದರೆ ನನಗೂ ನರ ಸಿಗುವುದಿಲ್ಲ. "ಒಳಗ ಪೇಶಂಟ್ ಒಬ್ಬರಿಗಷ್ಟ ಪರವಾನಗಿ" ಎಂದು ಸುಳ್ಳು ಹೇಳಿ, ಅತ್ತೆಯನ್ನು ಹೊರಗಿನ ಬೆಂಚಿನ, ಅಂದರೆ ನಮ್ಮ ಕಡೆಯ ಬಾಕಿನ, ಮೇಲೆ ಕೂರಿಸಿ ಬಾಗಿಲು ಹಾಕಿದೆ. ಅರ್ಧ ತಾಸು. ಹುಡುಗಿ ಫ್ಯಾನಿನ ಕೆಳಗೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಮೆಲ್ಲಗೆ ಸೂಜಿ ಹಾಕಲು ಹೋದೆ, ಕಣ್ಣು ಬಿಟ್ಟು, "ಇನ್ನೊಂದೈದು ನಿಮಿಷ ಕೂಡ್ಲೇನ್ರಿ ಅಕ್ಕಾರ?" ಎಂದಳು.

ವರದಿ ಪೂರಾ ಸರಿಯಾಗಿ ಬಂತು. ಅದನ್ನು ಒಯ್ಯಲು ಇಬ್ಬರೂ ಬಂದಾಗ ಅತ್ತೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ಮೊದಲ ರೋಗ ಅದ ಅಂದ್ರಿ. ಈಗ ಎಲ್ಲಿ ಹೋತ್ರಿ ಅದು?"

ಹತ್ತೊಂಬತ್ತು ವರ್ಷದ ಸಿಟ್ಟು ನಾಲಿಗೆಗೆ ಬಂತು. "ಎಲ್ಲೂ ಹೋಗಿಲ್ರಿ. ಆವತ್ತ ಅರ್ಧ ತಾಸು ಹೊರಗ ಬಾಕಿನ ಮ್ಯಾಲ ಕೂತಿತ್ತು."

ಸೊಸೆ ಗಬಕ್ಕನೆ ಬಾಯಿಗೆ ಓಢಣಿ ಒತ್ತಿಕೊಂಡಳು. ಅತ್ತೆ ಹೊರಗೆ ಹೋಗಿ ಬಾಕನ್ನು ಚೆನ್ನಾಗಿ ನೋಡಿ, ನನ್ನನ್ನೇ ಗದರಿಸಿದರು: "ಸುಳ್ಳ ಯಾಕ ಹೇಳ್ತೀರಿ? ಆವತ್ತ ಇಲ್ಲಿ ನನ್ನ ಬಿಟ್ಟರ ಯಾರೂ ಕೂತಿರಲಿಲ್ಲ!"