ಗಂಟೆಯಣ್ಣನ ಚಪ್ಪಲಿ

ಎಲ್ಲಕ್ಕೂ ಮೂಲ ಅತ್ತೆಯ ಒಂದು ಮಾತು.

"ಅಳಿಯಂದಿರೇ, ಇಷ್ಟು ವರ್ಷದಿಂದ ಸ್ಟುಡಿಯೊ ನಡೆಸ್ತಿದ್ದೀರಿ. ಒಂದಾದ್ರೂ ಫೋಟೊ ಕೆಳಗೆ ನಿಮ್ಮ ಹೆಸರಿದೆಯಾ?"

ಪಾಸ್‌ಪೋರ್ಟ್ ಫೋಟೊದ ಕೆಳಗೆ ತೆಗೆದವನ ಹೆಸರನ್ನು ಯಾವ ದೇಶದಲ್ಲಿ ಹಾಕುತ್ತಾರೆ? ಫೋಟೊಗ್ರಾಫರ್ ಚಹಾದ ಜೊತೆ ಮಾತನ್ನೂ ನುಂಗಿಕೊಂಡ.

ಅಷ್ಟರಲ್ಲಿ ಹಳೇ ಚರ್ಚಿನ ಫಾದರ್ ಫೋನು ಮಾಡಿದರು. "ಸಂಜೆ ನಮ್ಮ ಚರ್ಚ್ ಹಾಲಿನಲ್ಲಿ ಹಳೇ ಫೋಟೊಗಳ ಪ್ರದರ್ಶನ ಇದೆಯಪ್ಪಾ. ಚರ್ಚಿನದೇ ಒಂದು ಒಳ್ಳೇ ಫೋಟೊ ಇಲ್ಲ. ಸೆಪಿಯಾ ಅಂತಾರಲ್ಲ, ಆ ಕಂದು ಬಣ್ಣದಲ್ಲಿ ಒಂದು ತೆಗೆದುಕೊಡು. ಕೆಳಗೆ ನಿನ್ನ ಹೆಸರು ಬರೆಸಿ ಹಾಕಿಸ್ತೀನಿ. ನಾನು ಈಗ ಪಕ್ಕದೂರಿಗೆ ಹೊರಟೆ, ಬರೋದು ನಾಳೆ."

ಫೋಟೊಗ್ರಾಫರ್‌ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಸಂಜೆ ನೀವೂ ಬನ್ನಿ ಅತ್ತೆ" ಎಂದು ಠೀವಿಯಿಂದ ಹೇಳಿ ಕ್ಯಾಮೆರಾ ಹೆಗಲಿಗೇರಿಸಿದ.

ಚರ್ಚಿನವರೆಗೂ ಆಗಲೇ ಸುದ್ದಿ ಮುಟ್ಟಿತ್ತು. ಹಾಡಿನ ಮೇಳದ ಮೇಡಂ ನೇರಳೆ ಬಣ್ಣದ ಹೊಸ ಬಟ್ಟೆ ತೊಟ್ಟು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಎದುರಂಗಡಿಯ ಟೈಲರ್ ತನ್ನ ಸ್ಕೂಟರನ್ನು ಒರೆಸಿ ಮೆಟ್ಟಿಲ ಪಕ್ಕ ನಿಲ್ಲಿಸಿದ್ದ.

"ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಹಳೇ ಕಾಲದ ಹಾಗೆ ಕಾಣಬೇಕು."

"ನಾನೇನು ಹೊಸಬಳಾ? ಈ ಚರ್ಚಲ್ಲಿ ಹಾಡೋಕೆ ಶುರು ಮಾಡಿದಾಗ ನಿನಗಿನ್ನೂ ಮೀಸೆ ಬಂದಿರಲಿಲ್ಲ!"

"ಅಲ್ಲ ಮೇಡಂ, ನಿಮ್ಮ ನೇರಳೆ ಹೇಗೂ ಕಂದಾಗಿಬಿಡುತ್ತೆ."

ಮೇಡಂ ಮುಖ ಆಗಲೇ ಕಂದಾಯಿತು; ಧುಮುಗುಟ್ಟುತ್ತಾ ಪಕ್ಕಕ್ಕೆ ಸರಿದರು. ಸ್ಕೂಟರ್ ತೆಗೆಯಬೇಕು ಎಂದಿದ್ದಕ್ಕೆ ಟೈಲರ್, "ಆ ಕಾಲದಲ್ಲಿ ಕುದುರೆ ನಿಲ್ಲಿಸ್ತಿರಲಿಲ್ವಾ? ಇದು ನನ್ನ ಕುದುರೆ" ಎಂದು ಗೊಣಗುತ್ತಾ ತಳ್ಳಿಕೊಂಡು ಹೋದ.

ಇನ್ನು ವಿದ್ಯುತ್ ತಂತಿ. ಅದನ್ನು ತಪ್ಪಿಸಲು ಫೋಟೊಗ್ರಾಫರ್ ರಸ್ತೆಯಲ್ಲೇ ಅಂಗಾತ ಮಲಗಿದ. "ಅಯ್ಯೋ, ಬಿದ್ದುಬಿಟ್ರು!" ಎಂದು ಯಾರೋ ಕೂಗಿದರು. ಇನ್ಯಾರೋ ಒಂದು ಚೊಂಬು ನೀರು ಮುಖಕ್ಕೆ ಎರಚಿದರು. ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡಿದ್ದರಿಂದ ಅದೊಂದು ಬಚಾವಾಯಿತು.

ಕೊನೆಗೆ ಗಂಟೆ ಬಾರಿಸುವ ಮುದುಕ, ಊರಿಗೆಲ್ಲ ಗಂಟೆಯಣ್ಣ, ಉದ್ದ ಕೋಟು ತೊಟ್ಟು ಬಾಗಿಲಲ್ಲಿ ನಿಂತ. ಥೇಟ್ ಹಳೇ ಕಾಲ! ಆದರೆ ಕಾಲಲ್ಲಿ ನೀಲಿ ರಬ್ಬರ್ ಚಪ್ಪಲಿ.

"ಗಂಟೆಯಣ್ಣ, ಅದೊಂದು ಬಿಟ್ಟುಬಿಡಿ."

"ನನಗೆ ಶೀತ ಆಗುತ್ತಪ್ಪಾ." ಬೈದುಕೊಳ್ಳುತ್ತಲೇ ಚಪ್ಪಲಿ ಕಳಚಿ ಬಾಗಿಲ ಕಂಬದ ಬದಿಗಿಟ್ಟ.

ಕ್ಲಿಕ್ಕಾಯಿತು. ಚಿತ್ರ ಎಷ್ಟು ಸೊಗಸಾಗಿ ಬಂತೆಂದರೆ, ಸ್ಟುಡಿಯೊದ ಅಟ್ಟದಿಂದ ಹುಳು ತಿಂದ ಹಳೇ ಚೌಕಟ್ಟೊಂದನ್ನು ಇಳಿಸಿ, ಅದರೊಳಗೆ ಕೂರಿಸಿ, ಚರ್ಚಿನ ಕಾರ್ಯದರ್ಶಿಯ ಮೇಜಿನ ಮೇಲಿಟ್ಟು ಬಂದ. ಕಾರ್ಯದರ್ಶಿ ಊಟಕ್ಕೆ ಹೋಗಿದ್ದರು.

ಸಂಜೆ ಅತ್ತೆಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹಾಲಿಗೆ ಬಂದರೆ, ಅವನ ಚಿತ್ರದ ಮುಂದೆಯೇ ಜಾತ್ರೆಯಷ್ಟು ಜನ. ಎದೆಯುಬ್ಬಿಸಿಕೊಂಡು ಕೆಳಗಿನ ಚೀಟಿ ಓದಿದ.

"ನೂರು ವರ್ಷದ ಹಿಂದಿನ ಅಪರೂಪದ ಚಿತ್ರ. ತೆಗೆದವರು: ತಿಳಿದಿಲ್ಲ."

"ರೀ ಕಾರ್ಯದರ್ಶಿಗಳೇ! ಇದು ನಾನು ತೆಗೆದಿದ್ದು, ಇವತ್ತು ಬೆಳಿಗ್ಗೆ!"

ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿದರು. "ಹೌದಾ? ಯಾರು ನೋಡಿದ್ದಾರೆ?"

"ಮೇಡಂ ಇದ್ರು, ಕೇಳಿ!"

ಮೇಡಂಗೆ ಇನ್ನೂ ಸಿಟ್ಟಿಳಿದಿರಲಿಲ್ಲ. "ಬೆಳಿಗ್ಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಈ ಫೋಟೊದಲ್ಲಿ ನಾನಿದ್ದೀನಾ? ಇಲ್ಲ. ಹಾಗಿದ್ರೆ ಇದು ಬೆಳಗಿನದು ಹೇಗಾಗುತ್ತೆ?"

"ನನ್ನ ಸ್ಕೂಟರೂ ಇಲ್ಲ" ಎಂದ ಟೈಲರ್.

ಫೋಟೊಗ್ರಾಫರ್ ಗಂಟೆಯಣ್ಣನ ಕೈ ಹಿಡಿದೆಳೆದು ಚಿತ್ರದ ಮುಂದೆ ನಿಲ್ಲಿಸಿದ. ಮುದುಕನ ಕಣ್ಣಲ್ಲಿ ನೀರಾಡಿತು. "ಅಯ್ಯೋ, ನಮ್ಮಜ್ಜ!"

"ಅಜ್ಜ ಅಲ್ಲ, ಅದು ನೀವೇ ಕಣ್ರೀ!"

"ಸುಮ್ನಿರಪ್ಪಾ. ನಾನು ಬರಿಗಾಲಲ್ಲಿ ನಿಲ್ಲೋನೇ ಅಲ್ಲ."

ಆಗ ಅತ್ತೆ ಕನ್ನಡಕ ಏರಿಸಿ ಚಿತ್ರಕ್ಕೆ ಮೂಗು ತಾಗಿಸಿದರು. "ಇದೇನು, ಕಂಬದ ಬುಡದಲ್ಲಿ? ರಬ್ಬರ್ ಚಪ್ಪಲಿ ಅಲ್ವಾ?"

ಹೌದು! ಕಂದು ಬಣ್ಣದಲ್ಲಿ ಮುದ್ದಾಗಿ ಕೂತಿತ್ತು ಗಂಟೆಯಣ್ಣನ ಜೋಡಿ. ಫೋಟೊಗ್ರಾಫರ್ ಕುಣಿದಾಡಿಬಿಟ್ಟ. "ನೋಡಿ! ನೂರು ವರ್ಷದ ಹಿಂದೆ ಇಂಥ ಚಪ್ಪಲಿ ಎಲ್ಲಿತ್ತು? ಈಗೇನಂತೀರಿ?"

ಕಾರ್ಯದರ್ಶಿ ಚಪ್ಪಲಿಯನ್ನು ನೋಡಿದರು, ಹುಳು ತಿಂದ ಚೌಕಟ್ಟನ್ನು ನೋಡಿದರು, ಆಮೇಲೆ ಫೋಟೊಗ್ರಾಫರ್‌ನನ್ನು ನೋಡಿದರು. ಅವರ ಮೋರೆ ಕೆಂಪಾಯಿತು.

"ಛೀ! ನೂರು ವರ್ಷದ ಫೋಟೊ ಕೈಗೆ ಸಿಕ್ಕಿದ್ದೇ ತಡ, ಕಂಪ್ಯೂಟರಲ್ಲಿ ಚಪ್ಪಲಿ ಅಂಟಿಸಿ ತನ್ನದು ಅಂತಾನಲ್ಲ! ನಾಚಿಕೆ ಆಗಲ್ವೇನ್ರೀ?"

"ನಮ್ಮಜ್ಜನ ಪಕ್ಕದಲ್ಲಿ ಚಪ್ಪಲಿ ಇಡ್ತೀಯಾ?" ಗಂಟೆಯಣ್ಣ ಕೋಲೆತ್ತಿದ. ಹೆಂಡತಿ ಗಂಡನನ್ನು ಬಾಗಿಲ ಕಡೆಗೆ ಎಳೆದುಕೊಂಡಳು.

ಕಾರ್ಯದರ್ಶಿ ಅಲ್ಲಿಯೇ ಲೇಖನಿ ತೆಗೆದು ಚೀಟಿಗೆ ಇನ್ನೊಂದು ಸಾಲು ಸೇರಿಸಿದರು. ಅತ್ತೆ ಅದನ್ನು ಗಟ್ಟಿಯಾಗಿ, ಹಾಲಿಗೆಲ್ಲ ಕೇಳುವ ಹಾಗೆ ಓದಿದರು:

"ತೆಗೆದವರು: ತಿಳಿದಿಲ್ಲ. ಕೆಡಿಸಿದವರು:" ಮುಂದೆ ಅಳಿಯನ ಪೂರ್ತಿ ಹೆಸರು, ಸ್ಟುಡಿಯೊದ ವಿಳಾಸ ಸಮೇತ.

"ಅಂತೂ ಬಂತಲ್ಲ ಅಳಿಯಂದಿರೇ, ಫೋಟೊ ಕೆಳಗೆ ನಿಮ್ಮ ಹೆಸರು" ಎಂದರು ಅತ್ತೆ.