ಎಣ್ಣೆ ಹಚ್ಚಿದ ಎಲೆಗಳು

ಕಡಿಮೆ ಮಾತಾಡುವವರ ಬಗ್ಗೆ ಜನರಿಗೆ ಒಂದು ಗೌರವವಿದೆ. ಒಳಗೆ ಏನೋ ಬಹಳ ಇದೆ ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಒಳಗಿರುವುದು, ಸಮಯಕ್ಕೆ ಸರಿಯಾಗಿ ಹೇಳಲಾಗದೆ ಉಳಿದ ಒಂದೆರಡು ವಾಕ್ಯ, ಅಷ್ಟೇ.

ನಾನು ಶಿಗ್ಗಾಂವಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ಕಲಿಸುತ್ತಿದ್ದೆ. ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದ ಕುಂಡದಲ್ಲಿ, ನಾನೇ ಬೆಳೆಸಿದ ವೀಳ್ಯದೆಲೆಯ ಬಳ್ಳಿ ಇದೆ. ಹಿರೇಕೆರೂರಿನಿಂದ ನನ್ನನ್ನು ನೋಡಲು ಬರುವವರಿದ್ದ ದಿನ, ಅವ್ವ ಮನೆಯಲ್ಲಿ ಹೊಳೆಯಬೇಕಾದದ್ದನ್ನೆಲ್ಲ ಹೊಳೆಯಿಸಿದಳು: ಹಿತ್ತಾಳೆ ತಂಬಿಗೆ, ಬಾಗಿಲ ಚೌಕಟ್ಟು, ನನ್ನ ತಲೆ. ಉಳಿದ ಕೊಬ್ಬರಿ ಎಣ್ಣೆಯನ್ನು ಬಳ್ಳಿಯ ಎಲೆಗಳಿಗೆ ಹಚ್ಚಿದಳು. ಅವಳು ಅರ್ಧ ಕೆಲಸ ಮಾಡುವವಳಲ್ಲ. ಎಲೆಗಳನ್ನು ತಿರುವಿ ಕೆಳಬದಿಗೂ ಹಚ್ಚಿದಳು. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಬಳ್ಳಿಯೂ ನನ್ನಂತೆಯೇ ತಯಾರಾಗಿ ನಿಂತಿತ್ತು.

ಅವಲಕ್ಕಿ, ಚಹಾ ಮುಗಿದವು. ಹುಡುಗ ತಮ್ಮ ಬೀಜದ ಅಂಗಡಿಯ ವಿಷಯವನ್ನೆಲ್ಲ ನನ್ನ ಅಪ್ಪನಿಗೆ ಹೇಳಿದ. ಆಮೇಲೆ ಹುಡುಗನ ತಾಯಿ ಕೇಳಿದರು, "ನೌಕರಿ ಬಿಡ್ತಾಳಲ್ರಿ? ಅಷ್ಟ ದೂರದಿಂದ ಹೆಂಗ ಓಡ್ಯಾಡೂದು?"

ಕೇಳಿದ್ದು ನನ್ನ ವಿಷಯ, ಉತ್ತರಿಸಿದ್ದು ಅವ್ವ. "ಬಿಡ್ತಾಳ್ರಿ. ಅದೇನ್ ದೊಡ್ಡ ಮಾತು."

ಬಿಡುವುದಿಲ್ಲ ಎಂಬ ಮಾತು ನನ್ನ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವರು ಬಳ್ಳಿಯ ಕಡೆ ತಿರುಗಿ, "ಎಷ್ಟ ಹೊಳಿತಾವ್ರಿ ಎಲಿ. ಏನ್ ಹಾಕ್ತೀರಿ?" ಎಂದರು. ನಾನು ಬಾಯಿ ತೆರೆದೆ. ಎಲೆಯ ಕೆಳಬದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ, ಅವನ್ನು ಪತ್ರರಂಧ್ರ ಎನ್ನುತ್ತಾರೆ ಎಂದೆ. ಗಾಳಿ ಒಳಗೆ ಬರುವುದೂ ನೀರಿನ ಆವಿ ಹೊರಗೆ ಹೋಗುವುದೂ ಅಲ್ಲಿಂದಲೇ. ಬಿಸಿಲೇರಿ ನೀರು ಸಾಲದಾದರೆ ಎಲೆ ತಾನೇ ಅವನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಆಹಾರ ತಯಾರಿಸಲು ಬೇಕಾದ ಗಾಳಿ ಸಿಗುವುದಿಲ್ಲ. ಹಾಗಾಗಿ ಮತ್ತೆ ತೆರೆಯಲೇಬೇಕು. ಎಣ್ಣೆ ಬಳಿದುಬಿಟ್ಟರೆ ತೆರೆಯುವುದು ಮುಚ್ಚುವುದು ಎಲೆಯ ಕೈಯಲ್ಲಿ ಇರುವುದಿಲ್ಲ. ಇಷ್ಟನ್ನೂ ತಡವರಿಸದೆ ಹೇಳಿದೆ. ನೌಕರಿಯ ವಿಷಯ ಮಾತ್ರ ಬರಲಿಲ್ಲ.

ಹುಡುಗನ ತಾಯಿಗೆ ಬಹಳ ಹಿಡಿಸಿತು. "ಎಷ್ಟ ಚಂದ ತಿಳಿಸಿ ಹೇಳ್ತಾಳ್ರಿ. ನಾಳೆ ಮೊಮ್ಮಕ್ಕಳಿಗೆ ಟ್ಯೂಷನ್ ಹಚ್ಚೂದ ಬ್ಯಾಡ."

ಅವರು ಹಾವೇರಿ ದಾಟುವ ಮೊದಲೇ ಒಪ್ಪಿಗೆಯ ಫೋನು ಬಂತು. ಸಂಜೆ ನಾನು ಎಲೆಗಳನ್ನು ಸೋಪಿನ ನೀರಿನಿಂದ ಒಂದೊಂದಾಗಿ ಒರೆಸಿದೆ. ಆದರೂ ವಾರದೊಳಗೆ ಹಳದಿಯಾಗಿ ಉದುರಿದವು. "ನಿನ್ನ ಸೋಪಿನಿಂದನ ಸತ್ತಾವ" ಎಂದಳು ಅವ್ವ.

ರಾಜೀನಾಮೆ ಕೊಟ್ಟಾಯಿತು. ನಾಳೆ ನನಗೆ ಎಣ್ಣೆ, ಅರಿಷಿಣ ಹಚ್ಚುತ್ತಾರೆ. ಎಣ್ಣೆಯಿಂದ ಮನುಷ್ಯರ ಚರ್ಮಕ್ಕೆ ಏನೂ ಆಗುವುದಿಲ್ಲ. ಅದು ಯಾಕೆ ಹಾಗೆ ಎಂದು ಯಾರಾದರೂ ಕೇಳಿದರೆ ವಿವರವಾಗಿ ಹೇಳಬಲ್ಲೆ.