ಟನ್ನಿಗೆ ಎಷ್ಟು, ಪಾಲಿಗೆ ಎಷ್ಟು

ನನಗೆ ಚೌಕಾಸಿ ಮಾಡಲು ಬರುತ್ತದೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಕೆಲವರಿಗೆ ಸಂಗೀತ ಒಲಿಯುತ್ತದೆ, ಕೆಲವರಿಗೆ ಹೊಲಿಗೆ. ನನಗೆ ಒಲಿದದ್ದು ಇದು. ನಮ್ಮ ಮಂಗಳೂರಿನ ಕಡೆ ಹೆಂಗಸಿನ ಯೋಗ್ಯತೆಯನ್ನು ಅವಳ ಡಿಗ್ರಿಯಿಂದ ಅಳೆಯುವುದಿಲ್ಲ. ಮೀನು ತೆಗೆದುಕೊಂಡು ಬರುವಾಗ ನೆರೆಮನೆಯವಳು ಚೀಲದೊಳಗೆ ಇಣುಕಿ, "ಎಷ್ಟಕ್ಕೆ ಸಿಕ್ಕಿತು?" ಎಂದು ಕೇಳುತ್ತಾಳಲ್ಲ, ಆಗ ಕೊಡುವ ಉತ್ತರದಿಂದ ಅಳೆಯುತ್ತಾರೆ. ಆ ಪರೀಕ್ಷೆಯಲ್ಲಿ ನಾನು ಯಾವತ್ತೂ ಫಸ್ಟ್ ಕ್ಲಾಸ್. ಸುರತ್ಕಲ್ ಮಾರ್ಕೆಟಿನಲ್ಲಿ ಲೀಲಕ್ಕ ಬಂಗುಡೆಯನ್ನು ಪಾಲು ಪಾಲಾಗಿ ರಾಶಿ ಹಾಕಿ ಒಂದು ರೇಟು ಹೇಳುವುದು, ನಾನು ಅದರ ಅರ್ಧದಿಂದ ಶುರು ಮಾಡುವುದು, ಅವರು ಹಣೆ ಚಚ್ಚಿಕೊಳ್ಳುವುದು, ನಾನು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡುವುದು, ಅವರು "ಬನ್ನಿ ಟೀಚರ್, ಬನ್ನಿ" ಎಂದು ಕರೆಯುವುದು, ಇದೆಲ್ಲ ವರ್ಷಗಳಿಂದ ನಡೆದುಬಂದ ಪದ್ಧತಿ. ಶಾಲೆಯಲ್ಲಿ ಕನ್ನಡ ಕಲಿಸುವುದು ನನ್ನ ಹೊಟ್ಟೆಪಾಡು, ನಿಜವಾದ ಪ್ರತಿಭೆ ಇರುವುದು ಮೀನು ಮಾರ್ಕೆಟಿನಲ್ಲಿ ಎಂದು ನಾನು ಮನಸಾರೆ ನಂಬಿದ್ದೆ.

ದೇವರು ಒಂದು ಮನೆಗೆ ಇಷ್ಟು ಪ್ರತಿಭೆ ಸಾಕೆಂದುಕೊಂಡನೋ ಏನೋ, ನನ್ನ ಗಂಡನಿಗೆ ಒಂದು ಚೂರೂ ಕೊಡಲಿಲ್ಲ. ನಮ್ಮವರಿಗೆ ಸ್ವಂತ ಲಾರಿ ಇದೆ. ಆರು ಚಕ್ರದ್ದು. ಅದರ ಮಾಲಕರೂ ಅವರೇ, ಡ್ರೈವರೂ ಅವರೇ, ಟಯರು ಪಂಕ್ಚರಾದರೆ ಬೈಸಿಕೊಳ್ಳುವವರೂ ಅವರೇ. ನಮ್ಮೂರು ಕಾಟಿಪಳ್ಳದಲ್ಲಿ ಎಲ್ಲರೂ ಅವರನ್ನು ಸದಣ್ಣ ಎನ್ನುತ್ತಾರೆ. ಎಂಥ ಘಾಟಿಯ ತಿರುವಿನಲ್ಲೂ ಲಾರಿ ತಿರುಗಿಸಬಲ್ಲ ಈ ಮನುಷ್ಯನಿಗೆ ಒಂದು "ಇಲ್ಲ" ಎಂಬ ಮಾತನ್ನು ನಾಲಗೆಯ ಮೇಲೆ ತಿರುಗಿಸಲು ಆಗುವುದಿಲ್ಲ. ಯಾರು ಏನು ಕೇಳಿದರೂ ಉತ್ತರ ಒಂದೇ: "ಆವು." ತುಳುವಿನಲ್ಲಿ ಹಾಗೆಂದರೆ ಸರಿ, ಆಗಬಹುದು ಎಂದು. ನನ್ನನ್ನು ನೋಡಲು ಬಂದ ದಿನ ಅವರ ಅಮ್ಮ, "ಹುಡುಗಿ ಆದೀತಾ?" ಎಂದು ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿ "ಆವು" ಎಂದಿದ್ದರು. ಆ ಒಂದು ಮಾತನ್ನು ನೆನೆದು ನಾನು ಬಹಳ ಕಾಲ ಒಳಗೊಳಗೇ ನಾಚಿಕೊಂಡಿದ್ದೆ. ಮದುವೆಯಾದ ಮೇಲೆ, ಬಾಗಿಲಿಗೆ ಬಂದ ನೀರಿನ ಫಿಲ್ಟರಿನವನಿಗೂ ಅದೇ ಧ್ವನಿಯಲ್ಲಿ "ಆವು" ಎಂದದ್ದು ಕೇಳಿ ನಾಚಿಕೆ ಇಳಿಯಿತು. ಆ ಫಿಲ್ಟರು ಈಗಲೂ ಅಟ್ಟದ ಮೇಲೆ ಇದೆ.

ಇಂಥವರ ಕೈಯಲ್ಲಿ ಲಾರಿಯ ಬಾಡಿಗೆ ನಿಗದಿಯಾಗುವುದು ಹೇಗೆಂದು ನೀವೇ ಊಹಿಸಿ. ಬೈಕಂಪಾಡಿಯಲ್ಲಿ ಶೇಖರಣ್ಣ ಎಂಬ ಬ್ರೋಕರ್ ಇದ್ದಾರೆ. ಬಂದರಿಗೆ ಬಂದ ಸರಕನ್ನು ಯಾವ ಲಾರಿಗೆ ಕೊಡಬೇಕು, ಟನ್ನಿಗೆ ಎಷ್ಟು ಕೊಡಬೇಕು ಎಂದು ನೋಡುವವರು. ಕೆಟ್ಟವರಲ್ಲ, ಬಾಯಿ ಬಹಳ ಸಿಹಿ. ಮೊದಲು "ಊಟ ಆಯ್ತಾ ಸದಣ್ಣ?" ಎನ್ನುತ್ತಾರೆ. ಆಮೇಲೆ ಸೊಂಟನೋವು ಹೇಗಿದೆ ಎಂದು ವಿಚಾರಿಸುತ್ತಾರೆ. ಸೊಂಟನೋವಿನ ಬಗ್ಗೆ ಇಷ್ಟು ಕಾಳಜಿ ಮಾಡುವ ಮನುಷ್ಯನ ಜೊತೆ ಬಾಡಿಗೆಗಾಗಿ ಜಗಳವಾಡುವುದು ಹೇಗೆ ಎಂಬುದು ನಮ್ಮವರ ತರ್ಕ. "ಆವು" ಎಂದು ಫೋನಿಡುತ್ತಾರೆ.

ಲಾರಿಯ ವಿಷಯದಲ್ಲಿ ನಮ್ಮ ಸರ್ಕಾರವನ್ನು ಮೆಚ್ಚಲೇಬೇಕು. ಅದಕ್ಕೆ ಎಫ್‌ಸಿ ಎಂಬ ಯೋಗ್ಯತಾಪತ್ರ ಬೇಕು, ಪರ್ಮಿಟ್ ಬೇಕು, ಹೊಗೆ ಸರ್ಟಿಫಿಕೇಟು ಬೇಕು, ವೇಗ ಮೀರದಂತೆ ಗವರ್ನರ್ ಬೇಕು, ಹಿಂದೆ ಮುಂದೆ ಹೊಳೆಯುವ ಪಟ್ಟಿ ಬೇಕು. ನನ್ನ ಬಿ.ಎಡ್. ಸೇರಿಸಿ ಲೆಕ್ಕ ಹಾಕಿದರೂ ನಮ್ಮ ಮನೆಯಲ್ಲಿ ಹೆಚ್ಚು ಸರ್ಟಿಫಿಕೇಟು ಇರುವುದು ಲಾರಿಗೇ. ಎಷ್ಟು ಟನ್ ಹೊರಬೇಕೆಂಬುದಕ್ಕೂ ನಿಯಮವಿದೆ. ಅದನ್ನು ಪಾಸಿಂಗ್ ಎನ್ನುತ್ತಾರೆ. ಆದರೆ ಆ ಟನ್ನಿಗೆ ಕಡಿಮೆಯೆಂದರೆ ಎಷ್ಟು ಬಾಡಿಗೆ ಕೊಡಬೇಕೆಂದು ಯಾರೂ ಹೇಳುವುದಿಲ್ಲ. ಆಟೊರಿಕ್ಷಾಕ್ಕೆ ಮೀಟರ್ ಇದೆ, ಬಸ್ಸಿಗೆ ಟಿಕೆಟ್ ದರ ಇದೆ, ಲಾರಿಯವನಿಗೆ ಇರುವುದು ಶೇಖರಣ್ಣನ ದಯೆ. ಬಾಡಿಗೆ ಸಾಲದು ಎಂದು ಯಾರಾದರೂ ಗೊಣಗಿದರೆ ಶೇಖರಣ್ಣನ ಬಳಿ ಮದ್ದು ಸಿದ್ಧ: "ಎರಡು ಟನ್ ಹೆಚ್ಚು ಹಾಕುವ, ಸರಿ ಹೋಗ್ತದೆ." ಚೆಕಿಂಗಿನಲ್ಲಿ ಸಿಕ್ಕಿಬಿದ್ದರೆ ದಂಡ ಕಟ್ಟುವವನು ಲಾರಿಯವನು. ನಮ್ಮವರು ಜೀವಮಾನದಲ್ಲಿ "ಆವು" ಎನ್ನದ ಒಂದೇ ಸಂಗತಿ ಈ ಓವರ್‌ಲೋಡು. ಅದಕ್ಕೂ "ಇಲ್ಲ" ಎನ್ನುವುದಿಲ್ಲ, ಸುಮ್ಮನೆ ನಕ್ಕುಬಿಡುತ್ತಾರೆ.

ಹೀಗಿರುವಾಗ, ಕಳೆದ ಬೇಸಗೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ಅನ್ನ ಕಲಸುತ್ತ ಕಲಸುತ್ತ, "ಲಾರಿಯನ್ನು ಅಟ್ಯಾಚ್ ಮಾಡಿ ಅಂತ ಕೇಳ್ತಿದ್ದಾರೆ" ಎಂದರು. ಎಂದರೆ ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪೆನಿಗೆ ಲಾರಿಯನ್ನು ಒಪ್ಪಿಸಿಬಿಡುವುದು. ಅವರು ಹೇಳಿದ ಕಡೆ ಹೋಗುವುದು, ಕೊಟ್ಟಷ್ಟು ತೆಗೆದುಕೊಳ್ಳುವುದು. ಲಾರಿಗೆ ಕಂಪೆನಿಯ ಬಣ್ಣ, ನೆತ್ತಿಯ ಮೇಲೆ ಕಂಪೆನಿಯ ಹೆಸರು. ಈಗ ಅಲ್ಲಿರುವುದು ನನ್ನ ಅತ್ತೆಯ ಹೆಸರು, ಗಿರಿಜಾ ಎಂದು. ಅತ್ತೆ ಬೀಡಿ ಕಟ್ಟಿ ಮಗನಿಗೆ ಸ್ಟೇರಿಂಗು ಹಿಡಿಸಿದವರು. ಅವರು ತೀರಿಕೊಂಡ ಮೇಲೂ ಪ್ರತಿದಿನ ಬೆಳಿಗ್ಗೆ ನಮ್ಮವರು ಆ ಹೆಸರನ್ನು ಬಟ್ಟೆಯಿಂದ ಒರೆಸದೆ ಗಾಡಿ ಹತ್ತುವವರಲ್ಲ.

"ನೀವು ಎಂತ ಹೇಳಿದ್ರಿ?" ಎಂದು ಕೇಳಿದೆ.

"ನಾನು ಇನ್ನೂ ಆವು ಹೇಳ್ಲಿಲ್ಲ ಮಾರಾಯ್ತಿ. ಆದ್ರೆ ಈ ಬಾಡಿಗೆಯಲ್ಲಿ ಎಷ್ಟು ದಿನ ಓಡಿಸುವುದು? ಮಳೆಗಾಲ ಕಳಿಯಲಿ, ನೋಡುವ."

ಫಿಲ್ಟರಿನವನಿಗೂ ತಕ್ಷಣ "ಆವು" ಎಂದವರು ಇದೊಂದನ್ನು ಹೇಳದೆ ಬಾಯೊಳಗೆ ಇಟ್ಟುಕೊಂಡಿದ್ದರೆ, ಅದು ಅವರಿಗೆ ಎಷ್ಟು ಬೇಕಾದದ್ದಿರಬೇಕು! ಸಿಟ್ಟೂ ಬಂತು, ಅಳುವೂ ಬಂತು. "ನಾಳೆಯಿಂದ ಶೇಖರಣ್ಣನ ಫೋನು ನನಗೆ ಕೊಡಿ. ಬಾಡಿಗೆ ನಾನು ಮಾತಾಡ್ತೇನೆ" ಎಂದೆ. ಉತ್ತರ ಏನೆಂದು ಹೇಳಬೇಕಾಗಿಲ್ಲ.

ಫೋನು ಬಂತು. ಟೀಚರ್ ಮಾತಾಡುತ್ತಿದ್ದಾರೆ ಎಂದು ತಿಳಿದ ಕೂಡಲೇ ಶೇಖರಣ್ಣ ತುಳು ಬಿಟ್ಟು ಕನ್ನಡಕ್ಕೆ ಬಂದರು. ನಮ್ಮೂರಿನಲ್ಲಿ ಟೀಚರುಗಳಿಗೆ ಸಿಗುವ ಒಂದೇ ಮರ್ಯಾದೆ ಅದು. "ಹಾಸನಕ್ಕೆ ಗೊಬ್ಬರ ಉಂಟು ಟೀಚರ್. ಟನ್ನಿಗೆ ಒಂಬೈನೂರು." ನಾನು ಸೆರಗು ಬಿಗಿದೆ. ಗಂಟಲು ಸರಿ ಮಾಡಿಕೊಂಡೆ. ಇಷ್ಟು ವರ್ಷಗಳ ಸಾಧನೆಯೆಲ್ಲ ನಾಲಗೆಯ ತುದಿಗೆ ಬಂತು. ಖಡಕ್ಕಾಗಿ ಹೇಳಿದೆ: "ಒಂಬೈನೂರೆಲ್ಲ ಆಗುವುದಿಲ್ಲ! ಏಳುನೂರೈವತ್ತು ಮಾಡಿ!"

ಶೇಖರಣ್ಣ ಬಹಳ ಮೆಲ್ಲಗೆ, "ನೀವು ಹೇಳಿದ ಹಾಗೇ ಆಗಲಿ ಟೀಚರ್" ಎಂದರು. ಗೆದ್ದೆ ಎಂದು ಬೀಗುತ್ತ ಫೋನಿಟ್ಟೆ. ತಿರುಗಿ ನೋಡಿದರೆ ನಮ್ಮವರು ಚಹಾದ ಲೋಟ ಹಿಡಿದು ನಿಂತವರು ನಿಂತೇ ಇದ್ದಾರೆ. ಅವರ ಮುಖ ನೋಡಿದ ಮೇಲೆಯೇ ನನಗೆ ಹೊಳೆದದ್ದು, ಈ ವ್ಯಾಪಾರದಲ್ಲಿ ಮೀನು ಕೊಳ್ಳುವವಳು ನಾನಲ್ಲ, ಬುಟ್ಟಿಯ ಹಿಂದೆ ಕೂತವಳು ನಾನು ಎಂದು. ಜೀವನಪೂರ್ತಿ ಇಳಿಸಿಯೇ ಅಭ್ಯಾಸವಾದ ನಾಲಗೆ ಗಂಡನ ಬಾಡಿಗೆಯನ್ನೂ ಇಳಿಸಿತ್ತು! ನಮ್ಮವರು ಒಂದು ಮಾತು ಬೈಯಲಿಲ್ಲ. "ಆವು, ಹೋಗಿ ಬರ್ತೇನೆ" ಎಂದು ಹಾಸನಕ್ಕೆ ಹೊರಟರು. ಬೈದಿದ್ದರೆ ವಾಸಿಯಿತ್ತು. ನಾನು ಆ ದಿನವಿಡೀ ಅಡುಗೆಮನೆಯ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಬಿದ್ದವಳು ಏಳಬೇಕಲ್ಲ. ಮುಂದಿನ ಸಲ ಮಾರ್ಕೆಟಿಗೆ ಹೋದಾಗ ನಾನು ಮೀನು ನೋಡಲಿಲ್ಲ, ಲೀಲಕ್ಕನನ್ನು ನೋಡಿದೆ. ರೇಟು ಹೇಳಿದ ಮೇಲೆ ಅವರು ಎದುರಿನವರ ಮುಖ ನೋಡುವುದೇ ಇಲ್ಲ. ಮೀನಿಗೆ ನೀರು ಚಿಮುಕಿಸುತ್ತ ಕೂರುತ್ತಾರೆ. "ಈಗಷ್ಟೇ ಒಬ್ಬರು ಕೇಳಿ ಹೋದರು" ಎನ್ನುತ್ತಾರೆ. ಗಿರಾಕಿಗೆ ಅವಸರವಿದೆ ಎಂದು ಗೊತ್ತಾದರೆ ಅವರ ಕೈ ಇನ್ನೂ ನಿಧಾನವಾಗುತ್ತದೆ. ಅಯ್ಯೋ, ಇಷ್ಟು ವರ್ಷ ನಾನು ಗೆದ್ದದ್ದೋ, ಅವರು ಗೆಲ್ಲಿಸಿ ಕಳಿಸಿದ್ದೋ ಎಂಬ ಅನುಮಾನ ಒಮ್ಮೆ ಬಂತು. ಬಂದದ್ದನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಪ್ರತಿ ಮಳೆಗಾಲದಂತೆ ಘಾಟಿಯಲ್ಲಿ ಮಣ್ಣು ಕುಸಿಯಿತು, ಪ್ರತಿ ಮಳೆಗಾಲದಂತೆ ಸರ್ಕಾರದ ಆದೇಶವೂ ಬಂತು: ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿಷೇಧ, ಆರು ಚಕ್ರದ ಲಾರಿಗಳವರೆಗೆ ಮಾತ್ರ ಬಿಡುತ್ತಾರೆ. ಹನ್ನೆರಡು ಚಕ್ರ, ಹದಿನಾಲ್ಕು ಚಕ್ರದ ಗಾಡಿಗಳೆಲ್ಲ ಬೈಕಂಪಾಡಿಯ ಯಾರ್ಡಿನಲ್ಲಿ ಸಾಲಾಗಿ ನಿಂತುಬಿಟ್ಟವು. "ಇನ್ನೂ ಈ ಸಣ್ಣ ಗಾಡಿ ಇಟ್ಟುಕೊಂಡಿದ್ದೀರಲ್ಲ ಸದಣ್ಣ" ಎಂದು ನಗುತ್ತಿದ್ದ ಶೇಖರಣ್ಣನ ಫೋನು ಬೆಳಿಗ್ಗೆ ಎಂಟು ಗಂಟೆಗೇ ಬಂತು. ನಾನು ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ನಮ್ಮವರು ಚಡಪಡಿಸಿದರು. ಮೂರನೆಯ ಸಲಕ್ಕೆ ಎತ್ತಿದೆ.

"ಊಟ ಆಯ್ತಾ ಟೀಚರ್?"

"ಬೆಳಿಗ್ಗೆ ಎಂಟು ಗಂಟೆಗೆ ಯಾರು ಊಟ ಮಾಡ್ತಾರೆ ಶೇಖರಣ್ಣ?"

"ಹೌದಲ್ವಾ. ಹಾಸನಕ್ಕೆ ಗೊಬ್ಬರ ಉಂಟು. ಅಲ್ಲಿ ಬಿತ್ತನೆ ಶುರುವಾಗಿದೆ, ಭಾರೀ ಅರ್ಜೆಂಟ್. ಗಾಡಿ ಉಂಟಲ್ವಾ?"

"ಗಾಡಿ ಉಂಟು. ಈಗಷ್ಟೇ ಒಬ್ಬರು ಕೇಳಿ ಹೋದರು." ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡುವ ಬಾಯಿ ಇದು. ಆದರೆ ಶಾಲೆಗೆ ಆ ದಿನ ಮಳೆಯ ರಜೆ ಇತ್ತು.

"ಹಾಗೆಲ್ಲ ಬೇರೆಯವರಿಗೆ ಕೊಡ್ಬೇಡಿ ಮಾರಾಯ್ರೆ. ಸಾವಿರ ಕೊಡುವ."

ಕಿಟಕಿಯಲ್ಲಿದ್ದ ಮನಿಪ್ಲಾಂಟಿಗೆ ನೀರು ಚಿಮುಕಿಸಿದೆ.

"ಹಲೋ? ಟೀಚರ್? ಲೈನಲ್ಲಿ ಇದ್ದೀರಾ?"

"ಇದ್ದೇನೆ. ಸಾವಿರದ ನಾನೂರು."

"ಅಯ್ಯೋ ದೇವರೇ! ಹಾಸನಕ್ಕೆ ಹೋಗುವುದು ಟೀಚರ್, ಚಂದ್ರಲೋಕಕ್ಕಲ್ಲ!"

"ಘಾಟಿ ಬಂದ್ ಅಲ್ವಾ ಶೇಖರಣ್ಣ. ರೇಟ್ ಇಷ್ಟೇ."

"ಎರಡು ಟನ್ ಹೆಚ್ಚು ಹಾಕುವ, ನಿಮಗೂ ಸರಿ ಹೋಗ್ತದೆ..."

"ಪಾಸಿಂಗ್ ಎಷ್ಟೋ ಅಷ್ಟೇ. ಮತ್ತೆ ನಮ್ಮ ಗಾಡಿ ಅಲ್ಲಿಂದ ಖಾಲಿ ಬರುವುದಿಲ್ಲ. ವಾಪಸ್ ಲೋಡು ನೀವೇ ನೋಡಬೇಕು."

ದೊಡ್ಡದೊಂದು ನಿಟ್ಟುಸಿರು ಬೈಕಂಪಾಡಿಯಿಂದ ಕಾಟಿಪಳ್ಳಕ್ಕೆ ಬಂತು. "ಆಯ್ತು ಮಾರಾಯ್ರೆ, ಆಯ್ತು. ಗಾಡಿ ಕಳಿಸಿ."

ಶೇಖರಣ್ಣನ ಬಾಯಿಯಿಂದ "ಆಯ್ತು"! ನಾನು ಫೋನಿಟ್ಟು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ನಮ್ಮವರು ನನ್ನನ್ನು ನೋಡಿದ ನೋಟವನ್ನು ಮದುವೆಯ ಫೋಟೊದಲ್ಲೂ ನಾನು ಕಂಡಿಲ್ಲ. ಆ ದಿನದಿಂದ ನಮ್ಮ ಲಾರಿ ನಮ್ಮ ರೇಟಿಗೇ ಓಡಿತು. ಸುದ್ದಿ ಹಬ್ಬಿ, ಕಾಟಿಪಳ್ಳದ ಉಳಿದ ಆರು ಚಕ್ರದವರೂ "ಟೀಚರ್, ನಮಗೂ ಸ್ವಲ್ಪ ಮಾತಾಡಿ" ಎಂದು ಬಂದರು. ಎಲ್ಲರೂ ಒಂದೇ ಮಾತು ಹಿಡಿದ ಮೇಲೆ ಶೇಖರಣ್ಣ ನಮ್ಮವರ ಸೊಂಟನೋವನ್ನು ವಿಚಾರಿಸುವುದು ಬಿಟ್ಟು ತಮ್ಮ ತಲೆನೋವಿನ ಬಗ್ಗೆ ಹೇಳತೊಡಗಿದರು. ಘಾಟಿ ತೆರೆದ ಮೇಲೂ ಏಳುನೂರೈವತ್ತರ ಮಾತು ಮತ್ತೆ ಬರುವುದಿಲ್ಲವೆಂದು ಅವರಿಗೂ ಗೊತ್ತಾಯಿತು. ಅಟ್ಯಾಚ್ ಮಾಡಲು ಕೇಳಿದ ಕಂಪೆನಿಯವರಿಗೆ ನಮ್ಮವರು ತಾವೇ ಫೋನು ಮಾಡಿ, ಬೆವರುತ್ತ, ತೊದಲುತ್ತ, ಜೀವನದ ಮೊದಲ "ಇಲ್ಲ" ಹೇಳಿದರು. ಮರುದಿನ ಪೈಂಟರನನ್ನು ಕರೆಸಿ ಅತ್ತೆಯ ಹೆಸರಿಗೆ ಹೊಸ ಬಣ್ಣ ಹಾಕಿಸಿದರು, ಕೆಂಪು ಅಕ್ಷರ, ಹಳದಿ ಅಂಚು. ನನಗೆ ಕಣ್ಣು ತುಂಬಿಬಂತು.

ಇಂಥ ವಿಜಯಕ್ಕೆ ಬಂಗುಡೆಯ ಸಾರಾದರೂ ಬೇಡವೇ? ಅದೇ ಸಂಜೆ ಇಬ್ಬರೂ ಮಾರ್ಕೆಟಿಗೆ ಹೋದೆವು. ಲೀಲಕ್ಕ ರೇಟು ಹೇಳಿದರು. ನಾನು ಪದ್ಧತಿಯಂತೆ ಅರ್ಧದಿಂದ ಶುರು ಮಾಡಿದೆ. ಅವರು ಹಣೆ ಚಚ್ಚಿಕೊಳ್ಳಲಿಲ್ಲ. ಮೀನಿಗೆ ನೀರು ಚಿಮುಕಿಸುತ್ತ, ನನ್ನ ಮುಖವನ್ನೂ ನೋಡದೆ, "ಬೋಟ್ ಬಂದ್ ಅಲ್ವಾ ಟೀಚರ್. ರೇಟ್ ಇಷ್ಟೇ" ಎಂದರು.

ಹೌದಲ್ಲ! ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯಬಾರದೆಂದು ಸರ್ಕಾರದ ನಿಯಮ. ಸಣ್ಣ ನಾಡದೋಣಿಯವರು ತಂದದ್ದೇ ಮೀನು. ಆದರೂ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದೆ. ಯಾರೂ ಕರೆಯಲಿಲ್ಲ. ಸಪ್ಪೆ ಮೋರೆ ಹಾಕಿ ಹಿಂದಕ್ಕೆ ಬಂದು ಇನ್ನೇನು ಬಾಯಿ ತೆರೆಯಬೇಕು, ಹಿಂದಿನಿಂದ ನಮ್ಮವರ ಧ್ವನಿ ಕೇಳಿತು: "ಆವು ಲೀಲಕ್ಕ."

ಲೀಲಕ್ಕನ ಮುಖ ಅರಳಿತು. ಪಾಲನ್ನು ಚೀಲಕ್ಕೆ ಹಾಕಿ, ಬುಟ್ಟಿಯ ಅಡಿಯಿಂದ ದಪ್ಪದೊಂದು ಬಂಗುಡೆ ಹುಡುಕಿ ತೆಗೆದು, "ಇದು ಅಣ್ಣನಿಗೆ, ಹಾಗೇ" ಎಂದು ಮೇಲಿಂದ ಹಾಕಿದರು. ನನ್ನ ಇಷ್ಟು ವರ್ಷಗಳ ಚೌಕಾಸಿಗೆ ಆ ಕೈಯಿಂದ ಒಂದು ರೆಕ್ಕೆಯೂ ಹೆಚ್ಚಿಗೆ ಬಿದ್ದದ್ದಿಲ್ಲ.

ರಾತ್ರಿ ಆ ಮೀನನ್ನು ನ್ಯಾಯವಾಗಿ ಅವರ ಬಟ್ಟಲಿಗೇ ಬಡಿಸಿದೆ. ಚೆನ್ನಾಗಿ ಕೊಬ್ಬಿದ ಮೀನು. ಕೊನೆಗೆ ತಡೆಯಲಾಗದೆ, ನನ್ನ ಹಳೆಯ ಪದ್ಧತಿಯಂತೆ ಅರ್ಧದಿಂದಲೇ ಶುರು ಮಾಡಿದೆ: "ಅರ್ಧ ನನಗೆ ಕೊಡ್ತೀರಾ?"

"ಆವು" ಎಂದರು.